ರತ್ನಮ್ಮನ ಓಟಕ್ಕೆ ನಾನು ಟೈಮ್ ಹಿಡಿದದ್ದು

ಜಾಲಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಜನ ದೊಡ್ಡ ಸಾಹೇಬರಿಗೆ ಹೆದರುತ್ತಿದ್ದರೋ ಇಲ್ಲವೋ, ನನಗಂತೂ ಹೆದರುತ್ತಿದ್ದರು. ನಾನು ಟೈಮ್ ಆಫೀಸಿನ ಗುಮಾಸ್ತ. ಬೆಳಗಿನ ಸೈರನ್ ನಿಂತ ಮೇಲೆ ಗೇಟು ದಾಟಿದವನ ಕಾರ್ಡಿಗೆ ‘ಲೇಟ್’ ಎಂದು ಕೆಂಪು ಮುದ್ರೆ ಒತ್ತುವ ಮಹಾಧಿಕಾರ ನನ್ನದು. ಬಸ್ಸು ಕೆಟ್ಟಿತ್ತು ಅಂದರೂ ಒತ್ತುತ್ತಿದ್ದೆ, ಹೆಂಡತಿಗೆ ಹೆರಿಗೆ ಅಂದರೂ ಒತ್ತುತ್ತಿದ್ದೆ. ಸ್ವಂತ ಭಾವಮೈದುನನಿಗೂ ಒತ್ತಿದ್ದೆ. ಆ ವಾರವೆಲ್ಲ ಮನೆಯ ಸಾರಿಗೆ ಉಪ್ಪೇ ಬೀಳಲಿಲ್ಲ!

ಹೀಗಿರುವಾಗ ಒಂದು ಶನಿವಾರ ಕಾರ್ಖಾನೆಯ ಕ್ರೀಡಾ ಕಾರ್ಯದರ್ಶಿ ನಂಜುಂಡಪ್ಪ ಮನೆಗೆ ಬಂದ.

“ಸಾರ್, ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಹುಡುಗೀನ ತಗೋಬೇಕು. ನಾಳೆ ನಮ್ಮ ಗ್ರೌಂಡಲ್ಲಿ ನಾನೂರು ಮೀಟರ್ ಓಡ್ತಾಳೆ. ಸಾಹೇಬ್ರು ಹೇಳಿರೋ ಟೈಮ್ ಒಳಗೆ ಮುಗಿಸಿದ್ರೆ ಕೆಲಸ. ಇಲ್ಲಾಂದ್ರೆ ಇಲ್ಲ. ಇರೋದು ಒಂದೇ ಸ್ಟಾಪ್‌ವಾಚು. ನಿಮ್ಮನ್ನ ಬಿಟ್ಟು ಇನ್ಯಾರ ಕೈಗೆ ಕೊಡ್ಲಿ ಸಾರ್?”

ಆತ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಪ್ಪಿದೆ.

“ಹಾಲು ಉಕ್ಕೋದನ್ನೇ ನೋಡ್ಕೊಳ್ಳೋಕೆ ಬರಲ್ಲ ನಿಮಗೆ,” ಎಂದಳು ನನ್ನ ಹೆಂಡತಿ ಸರೋಜ. “ಆ ಹುಡುಗಿ ಅನ್ನದ ಪ್ರಶ್ನೆ ಕಣ್ರೀ. ನಾನೂ ಬರ್ತೀನಿ.”

ಮರುದಿನ ಗ್ರೌಂಡಿನಲ್ಲಿ ಹುಡುಗಿಯನ್ನು ನೋಡಿ ‘ಇವಳೇನಾ?’ ಅನ್ನಿಸಿತು. ದೊಡ್ಡನೆಕ್ಕುಂದಿಯ ರತ್ನಮ್ಮ, ಕಡ್ಡಿಯಂಥ ಹುಡುಗಿ, ಬರಿಗಾಲು. ರಾಜ್ಯಕ್ಕೆ ಮೊದಲನೆಯವಳಂತೆ, ದೇಶಕ್ಕೆ ಎರಡನೆಯವಳಂತೆ. ಜೊತೆಯಲ್ಲಿ ತಾಯಿ. ಆಕೆ ಸೊಪ್ಪು ಮಾರಿ ಮಗಳನ್ನು ಸಾಕಿದವಳು. ಇಬ್ಬರೂ ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ ಬಂದಿದ್ದರು. ಕೆಲಸ ಕೊಡಬೇಕಾದ ಪರ್ಸೊನೆಲ್ ಆಫೀಸರು ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಗೆರೆಯ ಪಕ್ಕದಲ್ಲಿ ನಿಂತೆ. ಓಟ ಶುರುವಾಗುವುದೂ ಅಲ್ಲೇ, ಒಂದು ಸುತ್ತು ಹಾಕಿ ಮುಗಿಯುವುದೂ ಅಲ್ಲೇ. ಇದಕ್ಕಿಂತ ಸುಲಭದ ಕೆಲಸ ಉಂಟೆ?

ನಂಜುಂಡಪ್ಪ ಸೀಟಿ ಊದಿದ.

ಅಯ್ಯೋ, ಅದನ್ನು ಹೇಗೆ ಹೇಳಲಿ! ಆ ಕಡ್ಡಿ ಹುಡುಗಿ ಮಾಯವಾದಳು. ಪಾದ ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ದೂರದ ತಿರುವಿನಲ್ಲಿ ನೀಲಗಿರಿ ಮರಗಳ ಮುಂದೆ ಅವಳು ಹಾದುಹೋದಾಗ ನಾನು ತುದಿಗಾಲಲ್ಲಿ ನಿಂತೆ. ಇಂಥವರ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು. ಗಾಳಿ ನುಗ್ಗಿದ ಹಾಗೆ ಗೆರೆ ದಾಟಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎರಡೂ ಕೈಯಲ್ಲಿ! ಸ್ಟಾಪ್‌ವಾಚು ಜೇಬಿನಲ್ಲಿತ್ತು.

“ಟೈಮೆಷ್ಟು?” ಎಂದರು ಆಫೀಸರು.

“ಬಹಳ ಚೆನ್ನಾಗಿತ್ತು ಸಾರ್,” ಎಂದೆ.

ಮುಂದೆ ನಡೆದ ಮಂಗಳಾರತಿಯನ್ನು ಇಲ್ಲಿ ಬರೆಯುವುದು ಬೇಡ. ರತ್ನಮ್ಮ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಓಡುವುದೆಂದಾಯಿತು. ಈ ಸಲ ನಾನು ಪ್ರತಿಜ್ಞೆ ಮಾಡಿದೆ. ಭೂಮಿ ಬಾಯ್ಬಿಟ್ಟರೂ ಸರಿ, ಆ ಹುಡುಗಿಯತ್ತ ನೋಡಕೂಡದು. ಸೀಟಿ ಊದಿದ ತಕ್ಷಣ ಗುಂಡಿ ಒತ್ತಿದೆ. ಮುಳ್ಳಿನ ಮೇಲೆ ನೆಟ್ಟ ಕಣ್ಣನ್ನು ಕದಲಿಸಲಿಲ್ಲ. ಮುಳ್ಳು ಓಡಿತು, ಓಡಿತು, ಇನ್ನೂ ಓಡಿತು. ಎಲ್ಲಿ ಇವಳು, ಇನ್ನೂ ಬರಲಿಲ್ಲವಲ್ಲ ಎಂದು ತಲೆಯೆತ್ತಿದರೆ ರತ್ನಮ್ಮ ನನ್ನ ಪಕ್ಕದಲ್ಲೇ ಕೂತು ನೀರು ಕುಡಿಯುತ್ತಿದ್ದಳು!

“ಏನ್ ಸಾಮಿ, ನಮ್ ಮಗೀನ ಗಾಣದೆತ್ತು ಅನ್ಕಂಡ್ರಾ?” ಎಂದು ತಾಯಿ ಎದ್ದು ಬಂದಳು. ನಾನು ನಂಜುಂಡಪ್ಪನ ಹಿಂದೆ ಸರಿದೆ. ಆತ ಮುಂದಿನಿಂದ ಸರಿದುಕೊಂಡ.

ಆಫೀಸರು ಎದ್ದು ನಿಂತರು. “ಇನ್ನೊಂದೇ ಸಲ. ಆಗಲಿಲ್ಲಾಂದ್ರೆ ಈ ಪೋಸ್ಟೇ ಕ್ಯಾನ್ಸಲ್.”

ರತ್ನಮ್ಮ ಕೂತಲ್ಲೇ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ನನಗೆ ಅಲ್ಲೇ ನೆಲ ಬಗೆದು ಇಳಿದುಬಿಡೋಣ ಅನ್ನಿಸಿತು. ಸರೋಜ ಬಂದು, “ಕೊಡ್ರೀ ಇಲ್ಲಿ,” ಎಂದು ವಾಚನ್ನು ಕಿತ್ತುಕೊಂಡಳು. ರತ್ನಮ್ಮ ಜಡೆಯನ್ನು ಸುತ್ತಿ ಕಟ್ಟಿ, ನನ್ನ ಮುಖ ನೋಡಿ ನಕ್ಕಳು. “ನೀವ್ ಸುಮ್ಕೆ ನೋಡಿ ಸಾರ್. ನಾನ್ ಓಡ್ತೀನಿ.”

ನೋಡಿದೆ. ಕೊನೆಯ ತಿರುವಿನಲ್ಲಿ ಅವಳ ಭುಜ ಜಗ್ಗಿತು, ಬಾಯಿ ತೆರೆಯಿತು, ಹೆಜ್ಜೆ ತಪ್ಪುತ್ತಾ ತಪ್ಪುತ್ತಾ ತಪ್ಪಲಿಲ್ಲ. ನಾನು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಗೆರೆ ದಾಟಿ ಬಿದ್ದಳು. ಸರೋಜ ಗುಂಡಿ ಒತ್ತಿ, ವಾಚನ್ನು ಆಫೀಸರ ಮೂಗಿನ ಕೆಳಗೆ ಹಿಡಿದಳು. ರತ್ನಮ್ಮ ಕೂದಲೆಳೆಯಷ್ಟರಲ್ಲಿ ಗೆದ್ದಿದ್ದಳು! ತಾಯಿ ಸೆರಗಿನಿಂದ ಮಗಳ ಕಾಲು ಒರೆಸುತ್ತಾ ಅತ್ತಳು. ಸರೋಜಳೂ ಅತ್ತಳು. ನಾನು ಚಪ್ಪಾಳೆ ತಟ್ಟಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದೆ.

ಕಾರ್ಖಾನೆಯಲ್ಲಿ ದಾಖಲಾಗಿರುವುದು ಆ ಸುಸ್ತಾದ ಮೂರನೆಯ ಓಟ. ಮೊದಲನೆಯದು ಎಲ್ಲೂ ಇಲ್ಲ. ದೇಶದಲ್ಲಿ ಯಾವ ಹೆಣ್ಣುಮಗಳೂ ಅಷ್ಟು ಜೋರಾಗಿ ಓಡಿರಲಿಕ್ಕಿಲ್ಲ ಎಂದು ನನಗೆ ಇವತ್ತಿಗೂ ಅನುಮಾನ. ಆದರೆ ಸಾಕ್ಷಿ ಹೇಳಬೇಕಾದ ಪುಣ್ಯಾತ್ಮ ಚಪ್ಪಾಳೆ ತಟ್ಟುತ್ತಿದ್ದ.

ರತ್ನಮ್ಮ ಕೆಲಸಕ್ಕೆ ಸೇರಿದಳು. ದೊಡ್ಡನೆಕ್ಕುಂದಿಯಿಂದ ಬರುವ ಬಸ್ಸು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದದ್ದುಂಟೆ? ಸೈರನ್ ಶುರುವಾದಾಗ ಅವಳು ಸ್ಟಾಪಿನಲ್ಲಿ ಇಳಿಯುತ್ತಾಳೆ, ಅದು ನಿಲ್ಲುವಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನೊಳಗಿರುತ್ತಾಳೆ. ಕಿಟಕಿಯಲ್ಲಿ ಕೂತು ಅದನ್ನು ನೋಡುವುದೇ ಒಂದು ಭಾಗ್ಯ.

ಕಾರ್ಖಾನೆಯ ಲೇಟುಗಾರರಿಗೆಲ್ಲ ಈ ವಿಷಯ ಗೊತ್ತಾಗಿಬಿಟ್ಟಿದೆ. ಅವಳ ಬೆನ್ನ ಹಿಂದೆಯೇ ನನ್ನ ಕಿಟಕಿಯ ಮುಂದೆ ಆರಾಮಾಗಿ ನಡೆದುಹೋಗುತ್ತಾರಂತೆ. ಎಲ್ಲರಿಗಿಂತ ಮುಂದೆ ನನ್ನ ಭಾವಮೈದುನನಂತೆ. ನಾನಂತೂ ಕಂಡಿಲ್ಲ. ಅಷ್ಟು ಹೊತ್ತೂ ನನ್ನ ಬಾಯಿ ತೆರೆದಿರುತ್ತದೆ, ಮುದ್ರೆ ಕೈಯಲ್ಲೇ ಒಣಗಿರುತ್ತದೆ!