ಅನುಮತಿ ಬೇಡುವ ಫೋನು

ಅದು ೨೦೨೪ನೆಯ ಇಸವಿ. ನನಗಾಗ ಐವತ್ತಮೂರು ವರ್ಷ. ಈ ಎರಡು ಸಂಗತಿಗಳನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಮುಂದೆ ನಿರೂಪಿಸಲಿರುವ ಮೂರ್ಖತನಕ್ಕೆ ಎಳೆಯ ವಯಸ್ಸನ್ನಾಗಲಿ, ಹಳೆಯ ಕಾಲವನ್ನಾಗಲಿ ಹೊಣೆ ಮಾಡುವಂತಿಲ್ಲ. ಮಾಸ್ತರಿಕೆಯಿಂದ ಸ್ವಯಂನಿವೃತ್ತಿ ಪಡೆದು ಬಂಟ್ವಾಳದ ಮನೆಯಲ್ಲಿ ಕುಳಿತಿದ್ದೆ. ಕಲಿಸಿ ದಣಿದದ್ದಕ್ಕಿಂತ ತಿದ್ದಿ ದಣಿದದ್ದು ಹೆಚ್ಚು. ವಾಕ್ಯದೋಷ ಕಂಡರೆ ಮದುವೆಯ ಕಾಗದಕ್ಕೂ ಕೆಂಪು ಶಾಯಿ ಮುಟ್ಟಿಸುತ್ತಿದ್ದವನು ನಾನು. ಇಂಥವನಿಗೆ ಒಂದು ವಯಸ್ಸಿನ ಬಳಿಕ ಹೊಸ ವಸ್ತುಗಳೇನೂ ಬೇಕೆನಿಸುವುದಿಲ್ಲ. ಇದ್ದದ್ದು ಇದ್ದಲ್ಲಿಯೇ ಇರಲಿ ಎಂಬುದಷ್ಟೇ ಬಯಕೆ.

ಆದರೆ ನನ್ನ ಹಳೆಯ ಫೋನು ಬಾಯಿಬಡುಕ. ಮಂಡಿನೋವೆಂದು ಹೆಂಡತಿ ವಿಜಯಳ ಮುಂದೆ ಒಮ್ಮೆ ನರಳಿದರೆ ಸಾಕು, ಮರುದಿನವೇ ಅದರ ಪರದೆಯ ತುಂಬ ಎಣ್ಣೆ, ಪಟ್ಟಿ, ಊರುಗೋಲುಗಳ ಜಾಹೀರಾತು. ಯಾರನ್ನು ಕೇಳಿ ಇದು ನಮ್ಮ ಮಾತಿಗೆ ಕಿವಿಗೊಟ್ಟಿತು? ಬಿ.ಸಿ. ರೋಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಇಕ್ಬಾಲ್ ನನ್ನ ಹಳೆಯ ವಿದ್ಯಾರ್ಥಿ. ಅವನಲ್ಲಿ ಈ ದೂರನ್ನು ಸವಿಸ್ತಾರವಾಗಿ ಮಂಡಿಸಿದೆ. ಅವನು ಅದನ್ನು ತಾಳ್ಮೆಯಿಂದ ಕೇಳಿ, ಕಪಾಟಿನಿಂದ ಬೇರೊಂದು ಫೋನನ್ನು ತೆಗೆದ.

"ಮಾಸ್ಟ್ರೇ, ನಿಮಗೆ ಸರಿಯಾದ್ದು ಒಂದು ಉಂಟು. ಇದರದ್ದು ಓಪನ್ ಸಿಸ್ಟಮ್. ಕಂಪೆನಿಯವರದ್ದು ಎಂತದೂ ಇಲ್ಲ ಇದರಲ್ಲಿ. ನಿಮ್ಮನ್ನು ಕೇಳದೆ ಒಂದು ಕಡ್ಡಿ ಕೂಡ ಅಲ್ಲಾಡಿಸುವುದಿಲ್ಲ."

"ಖಂಡಿತವಾಗಿಯೂ?"

"ಖಂಡಿತ. ಆದ್ರೆ ತುಂಬ ಕೇಳ್ತದೆ, ಆಯ್ತಾ? ಮತ್ತೆ ನನಗೆ ಬೈಬಾರ್ದು."

ಕೇಳಿ ಮಾಡು, ಕೇಳದೆ ಮಾಡಬೇಡ ಎಂದು ತರಗತಿಯಲ್ಲಿ ಜನ್ಮವಿಡೀ ಗಂಟಲು ಹರಿದುಕೊಂಡವನಿಗೆ ಕೊನೆಗೂ ಒಬ್ಬ ವಿಧೇಯ ಶಿಷ್ಯ ದೊರೆತಿದ್ದ. ಮನೆಗೆ ತಂದು ತೆರೆದಾಗ ಕಂಡದ್ದು ಬೇಸಿಗೆ ರಜೆ ಮುಗಿದ ದಿನದ ಕಪ್ಪುಹಲಗೆಯಂಥ ಪರದೆ. ಅದರಲ್ಲಿ ಗಡಿಯಾರವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ನನಗೆ ಪರಮಾನಂದವಾಯಿತು. ಬೇಕಾದ್ದನ್ನು ನಾನೇ ಹುಡುಕಿ, ಓದಿ, ಆರಿಸಿ ಹಾಕಿಕೊಳ್ಳಬೇಕು. ಅದರ ಭೂಪಟದಲ್ಲಿ ಹೆಂಡತಿಯ ಅಣ್ಣನ ಊರಾದ ಮುಂಡಾಜೆಯ ಹೊಳೆಯಿತ್ತು, ಹೊಳೆಗೆ ಹೋಗುವ ದಾರಿಯಿರಲಿಲ್ಲ. ಬ್ಯಾಂಕಿನ ಆ್ಯಪಂತೂ 'ಈ ಸಾಧನವನ್ನು ನಂಬಲಾಗದು' ಎಂದು ಬಾಗಿಲು ಹಾಕಿಕೊಂಡಿತು. ಊರಿನ ಅರ್ಧ ಮಕ್ಕಳ ನಡತೆಗೆ ಪ್ರಮಾಣಪತ್ರ ಬರೆದುಕೊಟ್ಟವನ ಕೈಯಲ್ಲಿರುವ ಸಾಧನವನ್ನು ನಂಬಲಾಗದಂತೆ! ಸ್ವಾತಂತ್ರ್ಯಕ್ಕೆ ಇಷ್ಟಾದರೂ ತೊಂದರೆ ಪಡಬೇಡವೇ ಎಂದು ಸಮಾಧಾನ ಹೇಳಿಕೊಂಡೆ.

ಆಮೇಲೆ ಅದರ ಕೇಳಾಟ ಆರಂಭವಾಯಿತು. ಸಂಪರ್ಕಗಳನ್ನು ನೋಡಲೇ? ನೀವಿರುವ ಸ್ಥಳ ತಿಳಿಯಲೇ? ಕರೆಗಳ ದಾಖಲೆ ತೆರೆಯಲೇ? ಸೂಚನೆಗಳನ್ನು ಕಳುಹಿಸಲೇ? ಪ್ರತಿಯೊಂದಕ್ಕೂ ಆಯ್ಕೆಗಳು: ಯಾವಾಗಲೂ, ಈ ಸಲ ಮಾತ್ರ, ಬೇಡ. ರಜೆ ಬೇಡುವ ಹುಡುಗನಿಗೆ ಮೊದಲು 'ಇಲ್ಲ' ಎನ್ನಬೇಕು, ಕಾರಣವನ್ನು ಆಮೇಲೆ ಕೇಳಬೇಕು ಎಂಬುದು ನನ್ನ ವೃತ್ತಿಧರ್ಮವಾಗಿತ್ತು. ಹೀಗಾಗಿ ಕ್ರಮಬದ್ಧವಾಗಿ, ಮೇಲಿನಿಂದ ಕೆಳಗಿನವರೆಗೆ, ಎಲ್ಲದಕ್ಕೂ 'ಬೇಡ' ಎಂದು ಒತ್ತಿದೆ. ಹುಡುಗರಾದರೆ ಮತ್ತೊಮ್ಮೆ ಬಂದು ಗೋಗರೆಯುತ್ತಿದ್ದರು. ಫೋನು ಗೋಗರೆಯಲಿಲ್ಲ. ನನ್ನ ಮಾತನ್ನು ಶಿರಸಾವಹಿಸಿ ಮೌನವಾಯಿತು.

ಎಂಥ ಮೌನವದು! ದಿನಗಟ್ಟಲೆ ಒಂದು ಕರೆಯಿಲ್ಲ. ಮೊದಮೊದಲು ಹಾಯೆನಿಸಿತು. ಬಳಿಕ, ಕುರ್ಚಿ ಬಿಟ್ಟ ಮಾಸ್ತರನನ್ನು ಯಾರು ತಾನೇ ನೆನೆಯುತ್ತಾರೆ ಎಂಬ ಸಣ್ಣ ವೈರಾಗ್ಯವೂ ಬಂತು. ನಾನು ಮಾಡಿದ ಕರೆಗಳೆಲ್ಲ ಸರಿಯಾಗಿ ಹೋಗುತ್ತಿದ್ದುದರಿಂದ ಫೋನಿನ ಮೇಲೆ ಸಂಶಯ ಹುಟ್ಟಲಿಲ್ಲ. ಸಂಶಯವೆಲ್ಲ ಮನುಷ್ಯರ ಮೇಲೆಯೇ.

ಅದರಲ್ಲಿಯೂ ಮುಖ್ಯವಾಗಿ ಶಂಕರ ಭಾವನ ಮೇಲೆ. ಇವರು ವಿಜಯಳ ಅಣ್ಣ. ಮುಂಡಾಜೆಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ದಿನ ಗೊತ್ತಾಗಿತ್ತು. ದಿನ ಯಾವುದು, ಅಡುಗೆ ಯಾರದ್ದು, ಪಾಯಸ ಯಾವುದು ಎಂಬುದನ್ನೆಲ್ಲ ಅತ್ತಿಗೆಯ ಬಾಯಿಯಿಂದ ಕೇಳಿ ವಿಜಯ ನನಗೆ ವರದಿ ಮಾಡಿದ್ದಳು, ಸೀರೆಯನ್ನೂ ತೆಗೆದಿಟ್ಟಿದ್ದಳು. ಆದರೆ ತಿಳಿಯುವುದು ಬೇರೆ, ಹೇಳಿಕೆಯಾಗುವುದು ಬೇರೆ. ನಮ್ಮ ಕಡೆಯ ಕ್ರಮವೆಂದರೆ ಮನೆಯವರು ಮೊದಲು ಫೋನು ಮಾಡಿ, ನಾವು ಮನೆಯಲ್ಲಿರುವ ದಿನವನ್ನು ಕೇಳಿಕೊಂಡು, ಆಮೇಲೆ ಖುದ್ದಾಗಿ ಬಂದು ಯಜಮಾನನಿಗೆ ಹೇಳಬೇಕು. ಹೆಂಗಸರ ನಡುವಿನ ಸುದ್ದಿ ಎಷ್ಟೇ ಖಚಿತವಾಗಿದ್ದರೂ ಹೇಳಿಕೆಯಲ್ಲ. ಹೇಳಿಕೆಯಿಲ್ಲದೆ ಹೋಗುವವನು ನಾನಲ್ಲ.

"ಹಾಗಾದ್ರೆ ನೀವೇ ಒಂದು ಫೋನ್ ಮಾಡಿ ಮಾತಾಡಿ" ಎಂದಳು ವಿಜಯ.

"ನನ್ನನ್ನು ಕರೆಯಿರಿ ಎಂದು ನಾನೇ ಕೇಳುವುದೇ?"

"ನೀವು ಬಾರದೆ ನಾನೊಬ್ಬಳೇ ಹೋದ್ರೆ ಅಲ್ಲಿ ನೂರು ಜನ ಕೇಳ್ತಾರೆ. ಹೋಗದಿದ್ರೆ ಅಣ್ಣನ ಮನೆಯೇ ತಪ್ಪಿಹೋಗ್ತದೆ ನನಗೆ. ಗೊತ್ತುಂಟಾ?"

ತೆಗೆದಿಟ್ಟ ಸೀರೆಯನ್ನು ಮಡಚಿ ಪುನಃ ಕಪಾಟಿಗೆ ಸೇರಿಸಿದಳು. ಆ ಕಪಾಟಿನ ಬಾಗಿಲು ಮುಚ್ಚಿದ ಸದ್ದು ನನ್ನ ಫೋನು ಬಂದಂದಿನಿಂದ ಮನೆಯಲ್ಲಿ ಕೇಳಿಸಿದ ಅತಿ ದೊಡ್ಡ ಸದ್ದು.

ಮರುದಿನ ಶನಿವಾರ ಕೆಲಸದ ನಿಮಿತ್ತ ಕಲ್ಲಡ್ಕಕ್ಕೆ ಹೋದವನು ಚಹಾಕ್ಕೆಂದು ಹೋಟೆಲು ಹೊಕ್ಕರೆ, ಮೂಲೆಯ ಮೇಜಿನಲ್ಲಿ ಶಂಕರ ಭಾವ! ಬಗಲಲ್ಲಿ ಆಮಂತ್ರಣದ ಚೀಲ. ಮಾಣಿ ಊರಿನ ಕಡೆಗೆಲ್ಲ ಹೇಳಿಕೆ ಮುಗಿಸಿ ಬಂದಿದ್ದರು. ಬಂಟ್ವಾಳವನ್ನು ಹಾದೇ ಬಂದಿರಬೇಕು! ಎದುರು ಕುಳಿತೆ. ಇಬ್ಬರೂ ಚಹಾದ ಗ್ಲಾಸನ್ನೇ ನೋಡಿದೆವು.

"ದೊಡ್ಡವರು ನಮ್ಮ ಫೋನೆಲ್ಲ ಎತ್ತುವುದಿಲ್ಲ ಈಗ" ಎಂದರು ಭಾವ, ಗ್ಲಾಸಿಗೆ.

"ಮಾಡಿದರಲ್ಲವೇ ಎತ್ತುವುದು?" ಎಂದೆ ನಾನು, ನನ್ನ ಗ್ಲಾಸಿಗೆ.

"ಮಾಡಿದರಲ್ಲವಾ? ಎಷ್ಟು ಸಲ ಮಾಡುವುದು ಮಾರಾಯ್ರೇ? ಇಗೊಳ್ಳಿ, ಈಗಲೇ ಮಾಡ್ತೇನೆ, ನೀವೇ ನೋಡಿ!"

ಅವರು ಒತ್ತಿದರು. ನನ್ನ ಫೋನು ಮೇಜಿನ ಮೇಲೆ, ಎರಡು ಗ್ಲಾಸುಗಳ ನಡುವೆ ಇತ್ತು. ಭಾವ ತಮ್ಮ ಫೋನನ್ನು ನನ್ನ ಕಿವಿಗೆ ಹಿಡಿದರು, ಅದರಲ್ಲಿ ರಿಂಗಾಗುತ್ತಿತ್ತು. ಮೇಜಿನ ಮೇಲಿನದು ಮಾತ್ರ ಮಧ್ಯಾಹ್ನದ ನಿದ್ದೆಗೆ ಜಾರಿದ ಮುದುಕನಂತೆ ಮಿಸುಕದೆ ಬಿದ್ದಿತ್ತು. ಇಬ್ಬರೂ ಬಾಗಿ ಅದನ್ನು ದಿಟ್ಟಿಸಿದೆವು. ಪರದೆಯಲ್ಲಿ ಮಿಣುಕೂ ಇಲ್ಲ.

ಆಗ ಹೊಳೆಯಿತು: ಸೂಚನೆಗಳನ್ನು ಕಳುಹಿಸಲೇ ಎಂದು ಕೇಳಿದ್ದು ಕರೆ ಸ್ವೀಕರಿಸುವ ಆ್ಯಪು, ಬೇಡವೆಂದವನು ನಾನು. ಕರೆ ಬಂದಾಗ ಕೂಗುವುದೂ ಅದರ ಲೆಕ್ಕದಲ್ಲಿ ಒಂದು ಸೂಚನೆಯೇ. ತಪ್ಪಿದ ಕರೆಗಳ ದಾಖಲೆಯನ್ನೂ ಬೇಡವೆಂದಿದ್ದೆ. ನಡೆದದ್ದನ್ನು ವಿವರಿಸಿದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಮೇಜಿನವರೂ ಕಾರಣ ತಿಳಿಯದೆ ನಕ್ಕರು.

"ಹಾಗಾದರೆ ಇಲ್ಲಿಯೇ ಹೇಳಿಬಿಡಿ ಭಾವ" ಎಂದೆ.

ಅವರ ನಗು ಥಟ್ಟನೆ ನಿಂತಿತು. "ಛೆ, ಹೋಟೆಲಿನಲ್ಲಿ ಹೇಳುವುದಾ? ತಂಗಿ ಎಂತ ಗ್ರಹಿಸಿಯಾಳು? ಸಂಜೆ ಕ್ರಮಪ್ರಕಾರ ಫೋನ್ ಮಾಡ್ತೇನೆ. ಎತ್ತಿದ್ರೆ ನಾಳೆ ಬರ್ತೇನೆ. ಎತ್ತದಿದ್ರೆ..." ಉಳಿದದ್ದನ್ನು ಚೀಲದ ಬಾಯಿಯನ್ನು ಬಿಗಿದು ತಿಳಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಕುಳಿತು, ಫೋನಿಗೆ ಕೊಟ್ಟ ಶಿಕ್ಷೆಗಳನ್ನೆಲ್ಲ ಒಂದೊಂದಾಗಿ ರದ್ದುಗೊಳಿಸಿದೆ. ಸಂಜೆ ಫೋನನ್ನು ಜಗಲಿಯ ನಡುವೆ ಇಟ್ಟು ಇಬ್ಬರೂ ಕಾದೆವು. ಅದು ಕೂಗಿದಾಗ ನಾನು ಬೆಚ್ಚಿಬಿದ್ದೆ. ವಿಜಯ ಎದ್ದು ಹೋಗಿ ಕಪಾಟು ತೆರೆದಳು.

ಭಾನುವಾರ ಭಾವ ಬಂದರು, ಬೆಲ್ಲ ನೀರು ಕುಡಿದರು, ಆಮಂತ್ರಣವನ್ನು ಕೈಗಿತ್ತರು. "ಎಲ್ಲರೂ ಬಂದು ಚಂದಗಾಣಿಸಿಕೊಡಬೇಕು. ತಂಗಿಯನ್ನು ಎರಡು ದಿನ ಮೊದಲೇ ಕಳಿಸಿಕೊಡಿ ಭಾವ" ಎಂದರು. ಕಾಗದದಲ್ಲಿ ಎದ್ದುಕಾಣುವ ದೋಷವೊಂದಿತ್ತು. ಕಂಡೂ ಕಾಣದವನಂತೆ ಮಡಚಿದೆ. ಆದರೆ ಎರಡನೆಯ ಕೋರಿಕೆಗೆ ನಾಲಿಗೆ ಹಳೆಯ ಅಭ್ಯಾಸದಂತೆ ಹೊರಳಿತು: "ಅದು... ನೋಡುವ."

"ನೋಡುವುದು ಎಂತ ಉಂಟು?" ಎಂದಳು ವಿಜಯ, ಲೋಟ ಎತ್ತಿಕೊಳ್ಳುತ್ತ. "ಅಣ್ಣ, ನಾನು ಗುರುವಾರ ಬರ್ತೇನೆ. ಇವರು ಆಮೇಲೆ ಬರ್ಲಿ."

ಏನನ್ನು ಒತ್ತಬೇಕೆಂದು ತಿಳಿಯದೆ ನಾನು ತಲೆಯಾಡಿಸಿದೆ. ಹೊಸ ಫೋನು ಇಂದಿಗೂ ಪ್ರತಿಯೊಂದನ್ನೂ ನನ್ನ ಅನುಮತಿ ಪಡೆದೇ ಮಾಡುತ್ತದೆ. ಈ ಮನೆಯಲ್ಲಿ ಹಾಗೆ ಕೇಳುವುದು ಅದೊಂದೇ ಎಂಬ ಸಂಗತಿ ನನಗೆ ಖಚಿತವಾದದ್ದು ೨೦೨೪ನೆಯ ಇಸವಿ ಡಿಸೆಂಬರ್ ಎಂಟನೆಯ ತಾರೀಕು, ಭಾನುವಾರ.