ಆದಿತ್ಯವಾರ ಡ್ಯೂಟಿ ಉಂಟು

ಮಗ್ದಲೀನ್: ಇದು ಟಿಕೆಟಾ? ಇದಕ್ಕೆ ಟಿಕೆಟ್ ಅಂತ ಹೇಳ್ತಾರಾ? ಇನ್ನೊಂದು ಸಲ ಓದಿ. ಜೋರಾಗಿ ಓದಿ.

ಜೆರಾಲ್ಡ್: ಎಷ್ಟು ಸಲ ಓದುವುದು ಮಾರಾಯ್ತಿ? ಗುರುವಾರ ರಾತ್ರಿ ಇಲ್ಲಿಂದ ಹೊರಡುವುದು. ಶುಕ್ರವಾರ ಬೆಳಿಗ್ಗೆ ಝೂರಿಕ್. ಅಲ್ಲಿಂದ ಒಂದು ಗಂಟೆ ರೈಲು, ಲುಸರ್ನ್. ಶನಿವಾರ ರಾತ್ರಿ ವಾಪಸ್ ವಿಮಾನ. ಆದಿತ್ಯವಾರ ಬೆಳಿಗ್ಗೆ ಅಬುಧಾಬಿಯಲ್ಲಿ ಇಳಿದು ಸೀದಾ ಡ್ಯೂಟಿ. ಒಂದು ನಿಮಿಷ ಹಾಳಿಲ್ಲ.

ಮಗ್ದಲೀನ್: ಮತ್ತೆ ಬಾಪ್ಟಿಸಂ ಯಾವಾಗ?

ಜೆರಾಲ್ಡ್: ಶುಕ್ರವಾರ.

ಮಗ್ದಲೀನ್: ಯಾರು ಹೇಳಿದ್ದು?

ಜೆರಾಲ್ಡ್: ಹೇಳ್ಲಿಕ್ಕೆ ಎಂತ ಉಂಟು? ಬಾಪ್ಟಿಸಂ ಅಂದ್ರೆ ಶುಕ್ರವಾರ ಅಲ್ವಾ? ನಮ್ಮ ಮಗಳು ಅಲಿಶಾಳದ್ದು ಶುಕ್ರವಾರ. ಅವಳ ಫಸ್ಟ್ ಕಮ್ಯೂನಿಯನ್ ಶುಕ್ರವಾರ. ನಮ್ಮ ಮದುವೆಯ ಇಪ್ಪತ್ತನೇ ವರ್ಷದ ಪೂಜೆ ಶುಕ್ರವಾರ.

ಮಗ್ದಲೀನ್: ಅದು ಇಲ್ಲಿ! ಅದು ಸ್ವಿಟ್ಜರ್ಲೆಂಡ್! ಅಲ್ಲಿ ಶುಕ್ರವಾರ ಎಲ್ಲರೂ ಕೆಲಸಕ್ಕೆ ಹೋಗ್ತಾರೆ. ರಜೆ ಶನಿವಾರ ಮತ್ತು ಆದಿತ್ಯವಾರ, ಚರ್ಚಿನ ಕಾರ್ಯಕ್ರಮ ಎಲ್ಲ ಆದಿತ್ಯವಾರವೇ. ನಿನ್ನೆ ಆದಿತ್ಯವಾರ ಜೆಸ್ಸಿಕಾ ಫೋಟೊ ಹಾಕಿದ್ದಾಳೆ, ನೋಡಿದ್ರಾ? ಇಡೀ ಊರು ಸರೋವರದ ಬದಿಯಲ್ಲಿ ಕಾಲು ಚಾಚಿ ಕೂತಿದೆ.

ಜೆರಾಲ್ಡ್ ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ. ಮುಸಫ್ಫಾದ ಒಂದು ಕಾರ್ಖಾನೆಯ ಉಗ್ರಾಣವನ್ನು ಇಪ್ಪತ್ತೊಂದು ವರ್ಷಗಳಿಂದ ಒಂದು ನಟ್ಟು ಬೋಲ್ಟೂ ಆಚೀಚೆಯಾಗದಂತೆ ನೋಡಿಕೊಂಡು ಬಂದ ಮನುಷ್ಯ ಅವರು. ಅಂಥವರು ವಾರದ ಏಳು ದಿನಗಳಲ್ಲಿ ಒಂದನ್ನು ಕಳೆದುಕೊಂಡಿದ್ದಾರೆ ಎಂದರೆ ಅವರಿಗೇ ನಂಬಿಕೆ ಬರಲಿಲ್ಲ.

ವಿಷಯ ಇಷ್ಟೇ. ಆಗಿನ್ನೂ ಅಬುಧಾಬಿಯಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಇವರು ಚರ್ಚಿಗೆ ಪೂಜೆಗೆ ಹೋಗುವುದೂ ಶುಕ್ರವಾರವೇ. ಎಲೆಕ್ಟ್ರಾ ಸ್ಟ್ರೀಟಿನ ಈ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಮೊದಲು ಕ್ಲಾರೆನ್ಸ್ ಮತ್ತು ಜೆಸ್ಸಿಕಾ ಬಾಡಿಗೆಗಿದ್ದರು. ಕ್ಲಾರೆನ್ಸ್ ಲಿಫ್ಟ್ ಕಂಪೆನಿಯವನು. ಜೆಸ್ಸಿಕಾ, ಮಗ್ದಲೀನ್ ಇಬ್ಬರೂ ಒಂದೇ ವಾರ್ಡಿನ ನರ್ಸುಗಳು. ಒಂಬತ್ತು ವರ್ಷ ಮಕ್ಕಳಾಗದೆ ಜೆಸ್ಸಿಕಾ ಅತ್ತಾಗಲೆಲ್ಲ ಪಕ್ಕದಲ್ಲಿ ಕೂತವರು ಮಗ್ದಲೀನ್. ಆಮೇಲೆ ಕಂಪೆನಿ ಕ್ಲಾರೆನ್ಸನನ್ನು ಲುಸರ್ನ್‌ಗೆ ಕರೆಸಿಕೊಂಡಿತು, ಅಲ್ಲಿ ಡ್ಯಾರಲ್ ಹುಟ್ಟಿದ. ‘ಜುಲೈ ಎರಡನೇ ವೀಕೆಂಡಿಗೆ ಬನ್ನಿ, ಮಗುವಿನ ಜ್ಞಾನಸ್ನಾನ, ಅಕ್ಕನೇ ಗಾಡ್‌ಮದರ್’ ಎಂದು ಜೆಸ್ಸಿಕಾಳ ಸಂದೇಶ ಬಂದಿತ್ತು. ಯಾವ ದಿನ ಎಂದು ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ. ಇಂದು ಸೋಮವಾರ, ಹೊರಡಲು ಇನ್ನು ಮೂರೇ ದಿನ.

ಮಗ್ದಲೀನ್: ಇದೆಂತ ಇನ್ನೊಂದು ಕಾಗದ? ಟೈಮ್‌ಟೇಬಲಾ? ‘ಶುಕ್ರವಾರ ಹತ್ತು ಗಂಟೆ ಜ್ಞಾನಸ್ನಾನ. ಹನ್ನೊಂದೂವರೆ ಗ್ರೂಪ್ ಫೋಟೊ. ಒಂದು ಗಂಟೆ ಊಟ. ಮೂರರಿಂದ ನಾಲ್ಕೂವರೆ, ಸರೋವರ.’ ಸರೋವರಕ್ಕೆ ಒಂದೂವರೆ ಗಂಟೆಯಾ?

ಜೆರಾಲ್ಡ್: ದೋಣಿ ಅಷ್ಟೇ ಹೊತ್ತು ಹೋಗುವುದು. ನಾನು ನೋಡಿಯೇ ಬರೆದದ್ದು.

ಮಗ್ದಲೀನ್: ಶುಕ್ರವಾರ ಹತ್ತು ಗಂಟೆಗೆ ಕ್ಲಾರೆನ್ಸ್ ಆಫೀಸಲ್ಲಿ ಇರ್ತಾನೆ. ಗ್ರೂಪ್ ಫೋಟೊದಲ್ಲಿ ಯಾರಿರ್ತಾರೆ? ನೀವು ಮತ್ತು ನಿಮ್ಮ ಸ್ವೆಟರ್. ಜುಲೈ ತಿಂಗಳಲ್ಲಿ ನಾಲ್ಕು ಸ್ವೆಟರ್ ತುಂಬಿಸಿದ್ದೀರಿ.

ಜೆರಾಲ್ಡ್: ಹಾಗಾದ್ರೆ ಒಂದು ಮೆಸೇಜ್ ಹಾಕಿ ಕೇಳು, ಯಾವ ದಿನ ಅಂತ. ಮುಗೀತಲ್ಲ.

ಮಗ್ದಲೀನ್: ಕೇಳುವುದಾ? ಗಾಡ್‌ಮದರಿಗೇ ದಿನ ಗೊತ್ತಿಲ್ಲ ಅಂತ ಊರೆಲ್ಲ ಹೇಳ್ಲಿಕ್ಕಾ? ಮಾನ ಹೋಗ್ತದೆ. ನೀವು ಕೂಡ ಕೇಳ್ಬಾರ್ದು, ಹೇಳಿದ್ದೇನೆ.

ಜೆರಾಲ್ಡ್: ಇಲ್ಲಪ್ಪಾ, ನಾನೆಂತಕ್ಕೆ ಕೇಳ್ಲಿ?

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಒಳಗೆ ಬಂದವರು ಗುಣಪಾಲ, ಕಂಕುಳಲ್ಲಿ ಲ್ಯಾಪ್‌ಟಾಪ್. ಕೆಳಗಿನ ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡಿಕೊಡುವವರು, ಈ ಟಿಕೆಟ್ ಮಾಡಿದವರೂ ಅವರೇ. ಉಡುಪಿ ಕಡೆಯಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ವಾಡಿಕೆಯಂತೆ ಜೆರಾಲ್ಡ್ ಅವರಿಗೆ ‘ಪೊರ್ಬುಗಳೇ’ ಎನ್ನುತ್ತಾರೆ, ಮಗ್ದಲೀನ್ ಅವರಿಗೆ ‘ಬಾಯಮ್ಮ’ ಎನ್ನುತ್ತಾರೆ. ಅವಸರದಲ್ಲಿ ಫೋನ್ ಮಾಡಿ ಕರೆಸಿದ್ದು ಬಾಯಮ್ಮನೇ.

ಗುಣಪಾಲ: ಎಂತ ಬಾಯಮ್ಮ, ಟಿಕೆಟಿನಲ್ಲಿ ಹೆಸರು ತಪ್ಪಿದೆಯಾ?

ಮಗ್ದಲೀನ್: ಹೆಸರು ಸರಿ ಉಂಟು. ದಿನ ತಪ್ಪಿದೆ. ಇವರಿಗಂತೂ ಗೊತ್ತಿಲ್ಲ, ಹತ್ತು ವರ್ಷದಿಂದ ಟಿಕೆಟ್ ಮಾಡುವ ನಿಮಗಾದ್ರೂ ಗೊತ್ತಾಗ್ಬಾರ್ದಾ? ಸ್ವಿಟ್ಜರ್ಲೆಂಡಿನಲ್ಲಿ ವೀಕೆಂಡ್ ಯಾವಾಗ?

ಗುಣಪಾಲ: ಬಾಯಮ್ಮ, ನನಗೆ ರಜೆ ಶುಕ್ರವಾರ ಒಂದೇ. ಎರಡು ದಿನ ರಜೆ ಇರುವವರು ಎಲ್ಲಿಯೇ ಇರಲಿ, ನನಗೆ ಅವರು ದೊಡ್ಡವರೇ. ಅವರ ರಜೆ ಯಾವಾಗ ಅಂತ ನಾನು ಕೇಳುವುದಿಲ್ಲ.

ಜೆರಾಲ್ಡ್: ನೋಡಿದ್ಯಾ? ತಪ್ಪು ನನ್ನೊಬ್ಬನದ್ದಲ್ಲ.

ಗುಣಪಾಲ: ಅಲ್ಲ ಪೊರ್ಬುಗಳೇ, ಒಂದು ಕೆರೆ ನೋಡ್ಲಿಕ್ಕೆ ಅಷ್ಟು ದೂರ ಹೋಗ್ತೀರಿ. ಎರಡು ದಿನ ಸಾಕಾಗ್ಲಿಲ್ವಾ?

ಮಗ್ದಲೀನ್: ಕೆರೆ ನೋಡ್ಲಿಕ್ಕೆ ಅಲ್ಲ! ಆ ಮಗುವಿನ ತಲೆಗೆ ಫಾದರ್ ನೀರು ಹಾಕುವಾಗ ಅದು ನನ್ನ ಕೈಯಲ್ಲಿ ಇರ್ಬೇಕು. ಅದಕ್ಕೆ ನಾನು ಒಂಬತ್ತು ವರ್ಷ ಕಾದದ್ದು. ಶನಿವಾರ ರಾತ್ರಿ ವಿಮಾನ ಹತ್ತಿದ್ರೆ, ಆದಿತ್ಯವಾರ ಅಲ್ಲಿ ಮಗುವನ್ನು ಬೇರೆ ಯಾರೋ ಹಿಡ್ಕೊಳ್ತಾರೆ. ನಾನಿಲ್ಲಿ ಫೋಟೊ ನೋಡ್ಬೇಕು.

ಗುಣಪಾಲರು ತಮಾಷೆ ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದರು. ಜೆರಾಲ್ಡ್ ಫೋನ್ ಹಿಡಿದು ಬಾಲ್ಕನಿಗೆ ಹೋದವರು, ಹೊರಗಿನ ಸೆಕೆಗೆ ಅರ್ಧ ನಿಮಿಷದಲ್ಲಿ ವಾಪಸ್ ಬಂದರು.

ಗುಣಪಾಲ: ವಾಪಸ್ ಬರುವುದನ್ನು ಆದಿತ್ಯವಾರ ರಾತ್ರಿಗೆ ಹಾಕ್ಬಹುದು. ಎರಡು ಸೀಟ್ ಉಂಟು. ಆದ್ರೆ ಈ ಟಿಕೆಟಿಗೆ ಒಂದೇ ಸಲ ಬದಲಾವಣೆ. ಒತ್ತಿದ್ರೆ ಖಲಾಸ್, ಮತ್ತೆ ಹಿಂದೆ ಹೋಗ್ಲಿಕ್ಕಾಗುವುದಿಲ್ಲ.

ಮಗ್ದಲೀನ್: ಒತ್ತಿ.

ಜೆರಾಲ್ಡ್: ನಿಲ್ಲಿ! ಆದಿತ್ಯವಾರ ನನಗೆ ಡ್ಯೂಟಿ ಉಂಟು. ವಾರದ ಸಾಮಾನೆಲ್ಲ ಹೊರಗೆ ಕೊಡುವ ದಿನ. ಇಪ್ಪತ್ತೊಂದು ವರ್ಷದಲ್ಲಿ ನಾನು ಒಂದು ಆದಿತ್ಯವಾರ ರಜೆ ಕೇಳಿದವನಲ್ಲ. ಮುದೀರ್ ಹತ್ರ ಯಾವ ಬಾಯಲ್ಲಿ ಕೇಳುವುದು?

ಮಗ್ದಲೀನ್: ನನ್ನ ಹತ್ರ ಜಗಳ ಮಾಡುವ ಬಾಯಲ್ಲೇ ಕೇಳಿ.

ಮುದೀರ್ ಎಂದರೆ ಕಾರ್ಖಾನೆಯ ಮ್ಯಾನೇಜರು. ಜೆರಾಲ್ಡ್ ಫೋನ್ ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ‘ಯೆಸ್ ಸರ್’, ‘ಸಾರಿ ಸರ್’ ಎನ್ನುವುದಷ್ಟೇ ಕೇಳುತ್ತಿತ್ತು. ಹೊರಗೆ ಗುಣಪಾಲರು ಚಾ ಕುಡಿದರು, ಮಗ್ದಲೀನ್ ಜಪಮಾಲೆ ಕೈಗೆ ತೆಗೆದುಕೊಂಡರು. ಐದು ನಿಮಿಷದ ಮೇಲೆ ಬಾಗಿಲು ತೆರೆಯಿತು.

ಮಗ್ದಲೀನ್: ಸಿಕ್ಕಿತಾ?

ಜೆರಾಲ್ಡ್: ಸಿಕ್ಕಿತು.

ಮಗ್ದಲೀನ್: ಮತ್ತೆ ಮುಖ ಯಾಕೆ ಹಾಗೆ ಮಾಡಿದ್ದೀರಿ?

ಜೆರಾಲ್ಡ್: ಚರ್ಚಿನ ಕಾರ್ಯಕ್ರಮ ಉಂಟು ಸರ್, ಆದಿತ್ಯವಾರ, ಅಂದೆ. ಕೂಡ್ಲೇ ರಜೆ ಕೊಟ್ರು. ಕೊಟ್ಟ ಮೇಲೆ ಹೇಳಿದ್ರು, ‘ಜೆರಾಲ್ಡ್, ನಿಮ್ಮ ಪ್ರಾರ್ಥನೆಯ ದಿನ ಆದಿತ್ಯವಾರ ಅಂತ ನನಗೆ ಗೊತ್ತು. ನೀನು ಒಮ್ಮೆಯೂ ಕೇಳ್ಲಿಲ್ಲ. ಪಾಪ, ನಿನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ನಾನು ತಿಳ್ಕೊಂಡಿದ್ದೆ. ಇವತ್ತು ಬಹಳ ಸಂತೋಷ ಆಯ್ತು.’

ಗುಣಪಾಲ: ಇಪ್ಪತ್ತೊಂದು ವರ್ಷ!

ಜೆರಾಲ್ಡ್: ಪ್ರತಿ ಶುಕ್ರವಾರ ಎರಡು ಬಸ್ಸಿನಷ್ಟು ಜನರ ಮಧ್ಯೆ ನಿಂತು ಪೂಜೆ ಕೇಳಿದ್ದೇನೆ ಗುಣಪಾಲ್ರೆ! ಅವರಿಗೆ ಅದು ಹೇಗೆ ಗೊತ್ತಾಗ್ಬೇಕು? ಆ ಹೊತ್ತಿಗೆ ಅವರು ಮಸೀದಿಯಲ್ಲಿ.

ಮಗ್ದಲೀನ್: ಆಯ್ತು, ಈಗ ನಂಬಿಕೆ ಬಂತಲ್ಲ. ಯಲ್ಲಾ, ಬೇಗ ಗುಣಪಾಲ್ರೆ, ಒತ್ತಿ.

ಗುಣಪಾಲ: ಒತ್ತುತ್ತೇನೆ. ಬಾಯಮ್ಮ, ನಿಮಗೂ ರಜೆ ಉಂಟಲ್ಲ ಆದಿತ್ಯವಾರ?

ಮಗ್ದಲೀನ್ ಎದ್ದರು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಆಸ್ಪತ್ರೆಯ ಡ್ಯೂಟಿ ಪಟ್ಟಿಯ ಮುಂದೆ ನಿಂತರು. ಜೆರಾಲ್ಡ್ ಕನ್ನಡಕ ಸರಿಮಾಡಿಕೊಂಡು ಹಿಂದಿನಿಂದ ಇಣುಕಿದರು.

ಜೆರಾಲ್ಡ್: ಶುಕ್ರವಾರ ನಿನ್ನ ಡ್ಯೂಟಿ ಹೊಡೆದು ಹಾಕಿ ಎವ್ಲಿನ್ ಅಂತ ಬರೆದಿದೆ. ಶನಿವಾರವೂ ಎವ್ಲಿನ್. ಆದಿತ್ಯವಾರ ಎವ್ಲಿನ್ ಹೆಸರು ಹೊಡೆದು... ಯಾರ ಹೆಸರು ಇದು?

ಮಗ್ದಲೀನ್: ಓದ್ಲಿಕ್ಕೆ ಬರುವುದಿಲ್ವಾ?

ಜೆರಾಲ್ಡ್: ಬರ್ತದೆ. ನಿನ್ನ ಬಾಯಲ್ಲಿ ಕೇಳುವ ಆಸೆ.

ಮಗ್ದಲೀನ್: ನನ್ನದು. ಅವಳು ನನ್ನ ಎರಡು ದಿನ ಮಾಡ್ತಾಳೆ, ನಾನು ಅವಳ ಆದಿತ್ಯವಾರ, ಸೋಮವಾರ ಮಾಡ್ತೇನೆ ಅಂತ ಒಪ್ಪಂದ.

ಜೆರಾಲ್ಡ್: ಯಾವಾಗ ಆದದ್ದು ಒಪ್ಪಂದ?

ಮಗ್ದಲೀನ್: ಮೂರು ವಾರ ಆಯ್ತು.

ಜೆರಾಲ್ಡ್: ಅಂದ್ರೆ ಮೂರು ವಾರದ ಹಿಂದೆ ನೀನು ಕೂಡ ಶುಕ್ರವಾರ ಅಂತಲೇ ತಿಳ್ಕೊಂಡಿದ್ದೆ!

ಮಗ್ದಲೀನ್: ಇಲ್ಲ. ನೀವು ಸರಿಯಾಗಿ ದಿನ ಕೇಳಿರ್ತೀರಿ ಅಂತ ತಿಳ್ಕೊಂಡಿದ್ದೆ. ತಪ್ಪಾಯ್ತು.

ಗುಣಪಾಲ: ಪೊರ್ಬುಗಳೇ, ಒತ್ತಲಾ, ಬೇಡ್ವಾ?

ಮಗ್ದಲೀನ್: ತಡೀರಿ. ಎವ್ಲಿನ್ ಹತ್ರ ಕೇಳ್ತೇನೆ.

ಕೇಳಿದರು. ಅದೇ ವಾರ್ಡಿನ ಎವ್ಲಿನ್ ಪಾಪದವಳು, ಅವಳ ಗಂಡನಿಗೆ ದೂರದ ಮದೀನತ್ ಜಾಯೆದ್‌ನಲ್ಲಿ ಕೆಲಸ, ಮನೆಗೆ ಬರುವುದು ತಿಂಗಳಿಗೊಮ್ಮೆ. ಈ ತಿಂಗಳು ಬರುವುದು ಇದೇ ಆದಿತ್ಯವಾರ. ಮಗ್ದಲೀನ್ ಅವರಿಗೆ ಎರಡನೇ ಸಲ ಕೇಳುವ ಮನಸ್ಸಾಗಲಿಲ್ಲ. ಫೋನ್ ಕೆಳಗಿಟ್ಟು, ತೆರೆದ ಸೂಟ್‌ಕೇಸಿನ ಪಕ್ಕದಲ್ಲಿ ಹಾಗೇ ಕೂತರು. ಮಗುವಿಗೆಂದು ತಾವೇ ಹೊಲಿದ ಬಿಳಿ ಅಂಗಿ ಸ್ವೆಟರುಗಳ ಮೇಲೆ ಮಡಚಿಟ್ಟಿತ್ತು.

ಮಗ್ದಲೀನ್: ಎವ್ಲಿನ್ ಮಾಫಿ, ಅವಳಿಗೆ ಆಗುವುದಿಲ್ಲ. ನೀವೊಬ್ರೇ ಹೋಗಿ. ಅಂಗಿಯಾದ್ರೂ ತಲುಪ್ಲಿ.

ಜೆರಾಲ್ಡ್: ನಾನು ಹೋಗಿ ಎಂತ ಮಾಡುವುದು? ಗಾಡ್‌ಮದರ್ ಮೀಸೆ ಇಟ್ಕೊಂಡು ಬಂದಿದ್ದಾಳೆ ಅಂತ ಫಾದರ್ ಓಡ್ಲಿಕ್ಕಿಲ್ವಾ?

ಮಗ್ದಲೀನ್ ನಗಲಿಲ್ಲ. ಜೆರಾಲ್ಡ್ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ಅವರಿಗೆ ವಾದದ ಒಂದು ಮಾತೂ ನೆನಪಾಗುವುದಿಲ್ಲ.

ಜೆರಾಲ್ಡ್: ಒಂದು ವಿಷಯ ಹೇಳ್ತೇನೆ. ಬೈಬಾರ್ದು.

ಮಗ್ದಲೀನ್: ಬೈತೇನೆ. ಹೇಳಿ.

ಜೆರಾಲ್ಡ್: ಆಗ ಬಾಲ್ಕನಿಗೆ ಹೋದೆನಲ್ಲ, ಜೆಸ್ಸಿಕಾಳಿಗೆ ಮೆಸೇಜ್ ಹಾಕಿದೆ. ಯಾವ ದಿನ ಅಂತ.

ಮಗ್ದಲೀನ್: ಅಯ್ಯೋ ದೇವರೇ! ಕೇಳ್ಬಾರ್ದು ಅಂದೆನಲ್ಲ! ಎಂತ ಅಂತ ಬರೆದದ್ದು?

ಜೆರಾಲ್ಡ್: ‘ನಿನ್ನ ಅಕ್ಕನಿಗೆ ದಿನ ಗೊತ್ತಿಲ್ಲ’ ಅಂತ.

ಮಗ್ದಲೀನ್: ನನ್ನ ಹೆಸರು ಯಾಕೆ ಹಾಕಿದ್ದು?

ಜೆರಾಲ್ಡ್: ನನ್ನ ಮಾನವೂ ಉಳೀಬೇಕಲ್ಲ.

ಗುಣಪಾಲರು ಕೆಮ್ಮಿದರು. ಜೆರಾಲ್ಡ್ ಅವರ ಫೋನ್ ಆಗಲೇ ಎರಡು ಸಲ ಟಿಣ್ ಎಂದಿತ್ತು, ಜಗಳದಲ್ಲಿ ಯಾರೂ ಗಮನಿಸಿರಲಿಲ್ಲ. ಧ್ವನಿ ಸಂದೇಶ ಬಂದಿತ್ತು. ಮಗ್ದಲೀನ್ ಫೋನ್ ಕಸಿದುಕೊಂಡು ಒತ್ತಿದರು. ಜೆಸ್ಸಿಕಾಳ ದನಿ, ಅದರ ಹಿಂದೆ ಒಂದು ಮಗುವಿನ ಅಳು.

‘ಅಕ್ಕಾ, ಇದೆಂಥ ಪ್ರಶ್ನೆ! ನಿಮಗೆ ಆದಿತ್ಯವಾರ ಡ್ಯೂಟಿ, ನಮಗೆ ಶುಕ್ರವಾರ ಡ್ಯೂಟಿ. ಎರಡು ಕಡೆಯೂ ರಜೆ ಇರುವುದು ಒಂದೇ ದಿನ ಅಲ್ವಾ? ಮೂರು ತಿಂಗಳ ಹಿಂದೆಯೇ ಫಾದರ್ ಹತ್ರ ಹೋಗಿ ಕೇಳ್ಕೊಂಡಿದ್ದೇವೆ. ಶನಿವಾರ ಹನ್ನೊಂದು ಗಂಟೆಗೆ. ಅವರು ಆದಿತ್ಯವಾರವೇ ಮಾಡುವ ಅಂದ್ರು, ನಾನು ಬಿಡ್ಲಿಲ್ಲ. ನಮ್ಮ ಅಕ್ಕ ಇಲ್ಲದಿದ್ರೆ ಬಾಪ್ಟಿಸಮ್ಮೇ ಬೇಡ ಅಂದೆ. ಹೇಳ್ಬೇಕು ಅಂತಿದ್ದೆ, ಕ್ಲಾರೆನ್ಸ್ ಹೇಳಿದ್ರು, ಅದೆಲ್ಲ ಹೇಳ್ಬೇಕಾ, ಅವರಿಗೆ ಗೊತ್ತಾಗ್ತದೆ ಅಂತ.’

ಮಗ್ದಲೀನ್ ಅದನ್ನು ಇನ್ನೊಮ್ಮೆ ಕೇಳಿದರು. ಮೂರನೇ ಸಲ ಕೇಳಿದ್ದು ಮಗುವಿನ ಅಳುವಿಗಾಗಿ. ಕಣ್ಣೊರೆಸಿಕೊಂಡು ಬಿಳಿ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿಟ್ಟರು. ಇಷ್ಟು ಸಂತೋಷ ಅವರಿಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಜೆರಾಲ್ಡ್: ಅಂದ್ರೆ ನನ್ನ ಟಿಕೆಟ್ ಸರಿ ಇತ್ತು.

ಮಗ್ದಲೀನ್: ಟಿಕೆಟ್ ಸರಿ ಇತ್ತು. ನೀವು ಸರಿ ಇರ್ಲಿಲ್ಲ.

ಗುಣಪಾಲ: ಒಳ್ಳೇದಾಯ್ತು ನಾನು ಒತ್ತದೆ ಇದ್ದದ್ದು. ಗಂಡ ಹೆಂಡತಿ ಟಿಕೆಟ್ ಬದಲಾಯಿಸ್ಲಿಕ್ಕೆ ಹೇಳಿದ್ರೆ ನಾನು ಯಾವಾಗ್ಲೂ ಎರಡು ಚಾ ಕುಡಿಯುವಷ್ಟು ಹೊತ್ತು ಕಾಯ್ತೇನೆ.

ಜೆರಾಲ್ಡ್: ಹಾಗಾದ್ರೆ ಈ ರಜೆ? ಆದಿತ್ಯವಾರ ಬೆಳಿಗ್ಗೆ ನಾವು ಅಬುಧಾಬಿಯಲ್ಲಿ. ನೀನು ಆಸ್ಪತ್ರೆಗೆ ಹೋಗ್ತೀ. ನಾನು ಮುದೀರ್‌ಗೆ ಫೋನ್ ಮಾಡಿ ರಜೆ ಬೇಡ ಅಂತ ಹೇಳ್ತೇನೆ.

ಮಗ್ದಲೀನ್: ಎಂತ ಅಂತ ಹೇಳ್ತೀರಿ? ದೇವರ ಹೆಸರಲ್ಲಿ ರಜೆ ತಗೊಂಡು, ಒಂದು ಗಂಟೆಯಲ್ಲಿ ದೇವರು ಬೇಡ ಅಂತ ಹೇಳುವುದಾ? ಈಗಷ್ಟೇ ಆ ಮನುಷ್ಯ ಸಂತೋಷಪಟ್ಟದ್ದು. ಸುಮ್ಮನೆ ಆದಿತ್ಯವಾರ ಪೂಜೆಗೆ ಹೋಗಿ ಬನ್ನಿ.

ಜೆರಾಲ್ಡ್: ಇಲ್ಲಿ ಆದಿತ್ಯವಾರ ಪೂಜೆ ಉಂಟಾ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು, ಆಮೇಲೆ ಇಬ್ಬರೂ ಗುಣಪಾಲರನ್ನು ನೋಡಿದರು. ಗುಣಪಾಲರು ಲ್ಯಾಪ್‌ಟಾಪ್ ಮುಚ್ಚಿ ಕಂಕುಳಿಗೆ ಇಟ್ಟುಕೊಂಡರು.

ಗುಣಪಾಲ: ಉಂಟು ಬಾಯಮ್ಮ. ಪ್ರತಿ ಆದಿತ್ಯವಾರ ಆಫೀಸಿಗೆ ಹೋಗುವಾಗ ನಾನು ನೋಡ್ತೇನೆ. ಯಾರೋ ಕ್ರಿಶ್ಚಿಯನ್ನರು ಹೋಗ್ತಾರೆ.