ಮರಳುಗಾಡಿನ ಬಾದಾಮಿ ಮತ್ತು ನಮ್ಮ ಮಾಮಾ

ನಮ್ಮ ಮಾಮಾನ ಮುಂದೆ ಬಾದಾಮಿಯ ಹೆಸರೆತ್ತಬಾರದು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹಬ್ಬಿರುವ ನಮ್ಮ ಬಂಧುಬಳಗಕ್ಕೆಲ್ಲ ಇದು ಗೊತ್ತು. ಮದುವೆ ಮನೆಯಲ್ಲಿ ಬಾದಾಮಿ ಹಾಲು ಹಂಚುವವರು ಕೂಡ ಇವನಿಗೆ "ಹಾಲು ತಗೋರಿ" ಎಂದಷ್ಟೇ ಹೇಳಿ ಓಡಿಬಿಡುತ್ತಾರೆ!

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾಗಿ ಹಂಸಭಾವಿಯಲ್ಲಿ ನೆಲೆಸಿದವನು. ನೆಲೆಸಿದ ಎನ್ನುವುದು ಮಾತಿಗೆ! ಚಹಾದ ಬಸಿ ಹಿಡಿದುಕೊಂಡೇ ಪಡಸಾಲೆ ತುಂಬ ಅಡ್ಡಾಡುವ ಆಸಾಮಿ. ನಿವೃತ್ತರಾದವರು ಕಾಶಿಗೋ ಶ್ರೀಶೈಲಕ್ಕೋ ಹೋಗುತ್ತಾರೆ. ಇವನಿಗೆ ಎಲ್ಲಿಯದೋ ಮರಳುಗಾಡಿನ ಕಾಡುಬಾದಾಮಿಯ ಪೊದೆ ಗಂಟುಬಿತ್ತು. ಕಣ್ಣಿಂದ ಕಂಡಿಲ್ಲ, ಕೈಯಿಂದ ಮುಟ್ಟಿಲ್ಲ. ಆದರೂ ಅದರ ಕುಲಗೋತ್ರದ ಚಿಂತೆ ಇವನಿಗೆ!

"ಪಾಪ, ಈ ಶಾಸ್ತ್ರಜ್ಞರು ಅದನ್ನ ಎಷ್ಟು ಮನಿ ತಿರಿಗಿಸ್ಯಾರ ನೋಡು! ಮೊದಲನೇದಾವ ಎಂಪ್ಲೆಕ್ಟೊಕ್ಲಾಡಸ್ ಅಂತ ಅದಕ್ಕ ಬ್ಯಾರೆ ಕುಲಾನ ಕಟ್ಟಿದ. ಇನ್ನೊಬ್ಬಾವ ಬಂದು ಪ್ಲಮ್ಮು, ಚೆರ್ರಿ ಇರೋ ಪ್ರೂನಸ್ ಮನಿಗೆ ಒಯ್ದ. ಮತ್ತೊಬ್ಬಾವ, ಬ್ಯಾಡ, ಬಾದಾಮಿ ಮಂದಿನ್ನ ಬ್ಯಾರೆ ಇಡೂಣು ಅಂದ. ಕಡೀಕ ತಿರಿಗಿ ಪ್ರೂನಸ್ ಮನಿಗೇ ಬಂತು. ದೊಡ್ಡ ಮನೆತನ ಯಾವದು ಹೇಳು? ಗುಲಾಬೀದು!"

ಮಾಮಾನ ಹೆಂಡತಿ, ನಮ್ಮ ಅತ್ತಿ, ಒಳಗಿನಿಂದಲೇ ಕೇಳಿದಳು: "ಅದಾದ್ರೂ ಒಂದು ಮನಿ ಹಿಡದು ಕುಂತತಿ. ನೀವು ಯಾವಾಗ ಕುಂದರತೀರಿ?"

ನನ್ನ ತಂಗಿಯ ಸಂಬಂಧ ಮಾತಾಡಲು ಸವಣೂರಿಗೆ ಹೋದಾಗಲೂ ಇದೇ ಕಥೆ. ಹುಡುಗನ ಅಪ್ಪ ಅಕ್ಕರೆಯಿಂದ, "ಬರ್ರಿ, ಬಾದಾಮಿ ಗಿಡದ ನೆಳ್ಳಿಗೆ ಕುಂದ್ರೂಣು" ಎಂದರು. ನಾವೆಲ್ಲ ಮಾಮಾನ ಮುಖ ನೋಡಿದೆವು!

"ಬಾದಾಮಿ? ಇದು ಮತ್ತಿ ಮರದ ಬಳಗ ರೀ! ಬಾದಾಮಿಗೂ ಇದಕ್ಕೂ ಬೀಗತನ ಸುದ್ದಾ ಇಲ್ಲ!" ಎಂದೇಬಿಟ್ಟ ಮಾಮಾ.

ಬೀಗತನ ಬೆಳೆಸಲು ಬಂದವರ ಬಾಯಲ್ಲಿ ಇಂಥ ಮಾತೇ? ಹುಡುಗನ ಅಜ್ಜಿ ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು. ಅತ್ತಿಯೂ ಹಿಂದೆಯೇ ಹೋದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ನಗುತ್ತಾ, ಸಂಬಂಧ ಒಪ್ಪಿದ ಸಕ್ಕರೆ ಹಿಡಿದು ಹೊರಬಂದರು. ಏನು ಮಾಯ ಮಾಡಿದಿ ಎಂದು ದಾರಿಯಲ್ಲಿ ಕೇಳಿದೆ. "ನಮ್ಮವರು ಗಿಡಕ್ಕ ಅಷ್ಟ ಹೆಸರಿಡತಾರ್ರಿ, ಮಂದಿಗೆ ಇಡೂದಿಲ್ಲ ಅಂದೆ" ಎಂದಳು.

ಇನ್ನೊಮ್ಮೆ ಹುಬ್ಬಳ್ಳಿಗೆ ಹೊರಟ ಬಸ್ಸು ತಡಸದಲ್ಲಿ ನಿಂತಿತು. ಬೇಲಿಯಲ್ಲಿ ಯಾವುದೋ ಹೂ ಕಂಡು ಮಾಮಾ ಇಳಿದವನು ಹತ್ತಲೇ ಇಲ್ಲ. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾದ. "ಯಾವದಾರ ಗಿಡದ ಬುಡಕ ಇರತಾರ, ಹಿಂದಿನ ಬಸ್ಸಿಗೆ ಬರತಾರ. ನೀವು ನಡೀರಿ" ಎಂದಳಂತೆ ಅತ್ತಿ, ಶೇಂಗಾ ಸುಲಿಯುತ್ತಾ!

ಅಂಥ ಅತ್ತಿ ಹೋದ ವರ್ಷ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಒರಗಿಬಿಟ್ಟಳು. ಲಕ್ವ. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, "ಮಾತು ಬಂದರೂ ಬರಬಹುದು. ನೀವು ಅವರ ಜೋಡಿ ಮಾತಾಡಕೋಂತ ಇರ್ರಿ" ಎಂದರು.

ಏನು ಮಾತಾಡುವುದು? ಮಾಮಾನಿಗೆ ಗೊತ್ತಿದ್ದದ್ದು ಒಂದೇ! ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಹೌದು, ಕೂತ. ದಿನಾ ಅದೇ ಪೊದೆ, ಅದೇ ಮನೆ ಬದಲಾವಣೆ. ಅತ್ತಿ ಮಾತ್ರ ಜಂತಿ ನೋಡುತ್ತಾ ಮಲಗಿರುತ್ತಿದ್ದಳು. ನಾನು ಹೋದಾಗಲೆಲ್ಲ ಮಾಮಾನ ಗಡ್ಡ ಬೆಳೆದಿರುತ್ತಿತ್ತು, ಚಹಾ ಆರಿರುತ್ತಿತ್ತು.

ಒಂದು ಮಧ್ಯಾಹ್ನ ನಾನು ಅತ್ತಿಯ ತಲೆ ಬಾಚುತ್ತಿದ್ದೆ. ಮಾಮಾ ಹೇಳುತ್ತಾ ಹೇಳುತ್ತಾ, "ಇನ್ನೊಬ್ಬಾವ ಬಂದು ಅದನ್ನ ಪ್ರೂನಸ್ ಮನಿಗೆ..." ಎಂದವನು ತಟ್ಟನೆ ಮಾತು ನಿಲ್ಲಿಸಿದ. "ಆಕಿಗೆ ಕೇಳಸತೈತೋ ಇಲ್ಲೋ, ಯಾರಿಗೆ ಹೇಳಾಕತ್ತೇನಿ ನಾನು" ಎಂದು ಕಿಟಕಿಯತ್ತ ಮುಖ ತಿರುಗಿಸಿದ.

ನನ್ನ ಕೈಯಲ್ಲಿದ್ದ ತಲೆ ಸಣ್ಣಗೆ ಅಲುಗಿತು. ಅತ್ತಿಯ ತುಟಿ ಒಂದು ಕಡೆಗೆ ವಾಲಿಕೊಂಡು ತಡವರಿಸಿತು.

"ಮುಂದ... ಹೇ... ಹೇಳ್ರಿ."

ಮಾಮಾ ತಿರುಗಿದ. ಬಿದ್ದುಹೋದ ಆ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅದರ ಮೇಲೆ ಹಣೆಯಿಟ್ಟ.